ಮಂಕರಿ ಕೆಳಗಿನ ಹೆಜ್ಜೆ

ನನ್ನ ಮೊಮ್ಮಗಳು ಹರ್ಷಿತ ಕಬಡ್ಡಿ ಅಂಪೈರ್ ಪರೀಕ್ಷೆ ಪಾಸು ಮಾಡಿಬಿಟ್ಟಳು. ಇದನ್ನು ಮೊದಲು ಬರೆದುಬಿಡುತ್ತೇನೆ. ಇಲ್ಲದಿದ್ದರೆ ಮುಂದಿನದು ಬರೆಯಲು ಕೈಯೇ ಓಡುವುದಿಲ್ಲ. ಫಲಿತಾಂಶ ಬಂದ ದಿನ ಗೊರೂರಿನಿಂದ ಹಾಸನಕ್ಕೆ ಹೋಗುವ ಬಸ್ಸಿನಲ್ಲಿ ಪಕ್ಕದಲ್ಲಿದ್ದ ಮೀನು ಮಾರುವ ಹೆಂಗಸಿಗೆ ಹೇಳಿದೆ, ಹಿಂದಿನ ಸೀಟಿನ ಕಾಲೇಜು ಹುಡುಗರಿಗೆ ಹೇಳಿದೆ, ಕಂಡಕ್ಟರಿಗೆ ಎರಡು ಸಲ ಹೇಳಿದೆ. "ಯಜಮಾನ್ರೆ, ಅದನ್ನ ಆಗ್ಲೇ ಹೇಳುದ್ರಿ. ಟಿಕೆಟ್ ಎಲ್ಲಿಗೆ ಅಂತ ಹೇಳಿ" ಅಂದ. ನಾನು ಎಲ್ಲಿಗೆ ಹೊರಟಿದ್ದೆ ಅನ್ನುವುದೇ ಮರೆತುಹೋಗಿತ್ತು. ಅಷ್ಟು ಸಂತೋಷ.

ಹಾಸನದಲ್ಲಿ ಹೊಸ ಅಂಪೈರುಗಳಿಗೆ ಒಂದು ದಿನದ ತರಬೇತಿ ಇತ್ತು. ಹಳೇ ಅಂಪೈರ್ ಅಂತ ನನ್ನನ್ನು ಕರೆದು ನಾಲ್ಕು ಮಾತು ಹೇಳಿ ಅಂದರು. ಮೈಕಿನ ಮುಂದೆ ನಿಂತೆ. ಮೊದಲನೇ ಸಾಲಿನಲ್ಲಿ ಬಿಳಿ ಅಂಗಿ ಹಾಕಿ, ಕೊರಳಿಗೆ ಸೀಟಿ ಕಟ್ಟಿಕೊಂಡು ನಮ್ಮ ಹರ್ಷಿತ ಕೂತಿದ್ದಳು. "ಎಲ್ಲಾರ್ಗೂ ಒಳ್ಳೇದಾಗ್ಲಿ" ಅಂದು ಇಳಿದುಬಿಟ್ಟೆ. ಇಳಿದ ಮೇಲೆ ಅವಳು, "ಏನ್ ತಾತ, ಮನೇಲಿ ಗಂಟೆಗಟ್ಲೆ ಹೇಳ್ತೀಯ, ಇಲ್ಲಿ ಒಂದೇ ಲೈನಾ? ಹೇಳಕ್ಕಾಗ್ಲಿಲ್ಲ ಅಂದ್ರೆ ಬರಿ" ಅಂದಳು.

ಅದಕ್ಕೇ ಬರೆಯುತ್ತಿದ್ದೇನೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಅಕ್ಷರ ತಪ್ಪಿದ್ದ ಕಡೆ ಅವಳು ತಿದ್ದಿದ್ದಾಳೆ. ಸಂತೋಷದಲ್ಲಿ ಬರೆಯಲು ಕೂತವನಿಗೆ ನೆನಪಾದದ್ದು ಹೆಚ್ಚಾಗಿ ಸಂತೋಷದ್ದಲ್ಲ. ಅದನ್ನು ಮಾತ್ರ ಅವಳು ತಿದ್ದಿಲ್ಲ.

ನಾನು ಈ ಕೆಲಸಕ್ಕೆ ಬಂದದ್ದು ಸುಣ್ಣದಿಂದ. ಗೊರೂರು ಅಣೆಕಟ್ಟಿನ ನೀರಾವರಿ ಕ್ವಾರ್ಟರ್ಸಿನಲ್ಲಿ ನಮ್ಮಪ್ಪ ಕಾವಲುಗಾರ. ಅಲ್ಲಿನ ಮೈದಾನದಲ್ಲಿ ಕಬಡ್ಡಿ ಪಂದ್ಯ ನಡೆಯುವಾಗ ಅಂಕಣ ಹದ ಮಾಡುವುದು ನನ್ನ ಪಾಲು. ಈಗಿನವರಿಗೆ ಆ ಕೆಲಸವೇ ಗೊತ್ತಿಲ್ಲ. ಕೆಮ್ಮಣ್ಣು ಜರಡಿ ಹಿಡಿಯಬೇಕು, ಕಲ್ಲು ಆರಿಸಬೇಕು, ಮರ ಕೊಯ್ಯುವ ಮಿಲ್ಲಿನ ಹೊಟ್ಟು ಬೆರೆಸಬೇಕು, ನೀರು ಚಿಮುಕಿಸಿ ತುಳಿಯಬೇಕು. ಹದ ಬಂತೋ ಇಲ್ಲವೋ ನೋಡಲು ಬರಿಗಾಲು ಒತ್ತಿ ಎತ್ತಬೇಕು. ಐದು ಬೆರಳೂ ಮೂಡಿದರೆ ಹದ ಬಂತು ಅಂತ ಅರ್ಥ. ಆಮೇಲೆ ಹಗ್ಗ ಎಳೆದು ಸುಣ್ಣದ ಗೆರೆ.

ಒಂದು ಸಲ ಬಾಗೂರಿನಲ್ಲಿ ಪಂದ್ಯ. ಗೆರೆ ಹಾಕಲು ನನ್ನನ್ನು ಕರೆಸಿದ್ದರು. ಅಂಪೈರ್ ಆಗಬೇಕಾದವರು ಬಸ್ಸು ಕೆಟ್ಟು ಬರಲಿಲ್ಲ. ರೆಫ್ರಿ ಆಗಿದ್ದವರು ಶಾಮಣ್ಣ ಮೇಷ್ಟ್ರು. ಹೊಳೆನರಸೀಪುರದ ಹೊಳೆ ಕಡೆಯ ಬೀದಿಯವರು, ಹಾಸನದ ಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರು. ಪಂಚೆ ಕಟ್ಟಿ ಶರ್ಟು ಇನ್ ಮಾಡುತ್ತಿದ್ದ ಮನುಷ್ಯ ನಾನು ಕಂಡಂತೆ ಅವರೊಬ್ಬರೇ. ನನ್ನನ್ನು ನೋಡಿ, "ಗೆರೆ ಹಾಕಿದವನಿಗೆ ಗೆರೆ ಕಾಯಕ್ಕೆ ಬರಲ್ವೇನಯ್ಯ? ಬಾ, ನಿಂತ್ಕೋ" ಅಂದರು.

"ಸಾ, ನಂಗೆ ರೂಲ್ಸ್ ಗೊತ್ತಿಲ್ಲ."

"ಒಂದೇ ರೂಲು. ಕಾಲು ನೋಡು. ಆಟಗಾರನ ಮುಖ ನೋಡಬೇಡ. ಮುಖ ನೋಡಿದ್ಯೋ, ತೀರ್ಪು ಕೆಟ್ಟಿತು ಅಂತ ತಿಳ್ಕೋ."

ನನ್ನ ವಿದ್ಯಾಭ್ಯಾಸ ಅಷ್ಟೇ. ಅದೇ ಮಾತಿನ ಮೇಲೆ ನಾನು ಮೂವತ್ತು ವರ್ಷಕ್ಕಿಂತ ಹೆಚ್ಚು ನಿಂತೆ.

ಮಂಕರಿಯ ವಿಚಾರ ಹೇಳಬೇಕು. ಮಣ್ಣಿನ ಅಂಕಣದಲ್ಲಿ ಹೆಜ್ಜೆ ಗುರುತು ಉಳಿಯುತ್ತದೆ. ಕಾಲು ಗೆರೆ ದಾಟಿತು, ದಾಟಲಿಲ್ಲ ಅಂತ ಜಗಳ ಬಿದ್ದರೆ ಆ ಗುರುತನ್ನು ಯಾರೂ ತುಳಿಯದ ಹಾಗೆ ಅದರ ಮೇಲೆ ಒಂದು ಮಂಕರಿ ಕವುಚುತ್ತಿದ್ದರು. ಗೊಬ್ಬರ ಹೊರುವ ಬಿದಿರಿನ ಬುಟ್ಟಿ. ಪ್ರತಿ ಪಂದ್ಯದಲ್ಲೂ ಸುಣ್ಣದ ಚೀಲದ ಪಕ್ಕ ಒಂದು ಮಂಕರಿ ಇರಲೇಬೇಕು. ಗಲಾಟೆ ತಣ್ಣಗಾದ ಮೇಲೆ ರೆಫ್ರಿ ಬರುತ್ತಾರೆ, ಎರಡೂ ಕಡೆಯ ಕ್ಯಾಪ್ಟನ್ನುಗಳು ಬಂದು ಕೂರುತ್ತಾರೆ, ಮಂಕರಿ ಎತ್ತುತ್ತಾರೆ. ಮಣ್ಣು ಏನು ತೋರಿಸಿತೋ ಅದೇ ತೀರ್ಪು. ಆಮೇಲೆ ಯಾರೂ ತುಟಿ ಬಿಚ್ಚುತ್ತಿರಲಿಲ್ಲ. ನಮ್ಮ ಸುತ್ತಿನ ಎಲ್ಲ ತಾಲ್ಲೂಕಿನಲ್ಲೂ ಅದೇ ಪದ್ಧತಿ.

ಬಾಗೂರಿನ ಆ ಮೊದಲ ದಿನವೇ ಮಂಕರಿ ಬಿತ್ತು. ಕೊನೆ ಗೆರೆಯಾಚೆ ಹೆಜ್ಜೆ ಇದೆ ಅಂತ ಒಬ್ಬ ಕೂಗಿದ, ಇನ್ನೊಬ್ಬ ಮುಚ್ಚಿದ. ಮೇಷ್ಟ್ರು ಗಂಭೀರವಾಗಿ ಬಂದು ಎತ್ತಿದರು. ನೋಡಿದರೆ ಹವಾಯಿ ಚಪ್ಪಲಿಯ ಗುರುತು. ಆಟಗಾರರೆಲ್ಲ ಬರಿಗಾಲು. ಚಪ್ಪಲಿ ಹಾಕಿದ್ದವನು ನಾನೊಬ್ಬನೇ.

"ಅಂಪೈರೇ ಔಟು ಕಣ್ಲಾ!" ಅಂತ ಜನ ಬಿದ್ದು ಬಿದ್ದು ನಕ್ಕರು. ಮುಂದೆ ಒಂದು ವರ್ಷ ನಾನು ಯಾವ ಊರಿಗೆ ಹೋದರೂ, "ಬಂದ್ರು ನೋಡ್ರಲಾ, ಔಟಾದ ಅಂಪೈರು" ಅನ್ನುತ್ತಿದ್ದರು. ಮೇಷ್ಟ್ರು ಮಾತ್ರ ನಗಲಿಲ್ಲ. ಹಾಸನದಿಂದ ಒಂದು ಜೊತೆ ಹಳೇ ಕ್ಯಾನ್ವಾಸ್ ಶೂ ತಂದುಕೊಟ್ಟು, "ಇದರ ಗುರುತು ಬೇರೆ ಇರುತ್ತೆ. ಇನ್ಮೇಲೆ ನಿನ್ನ ಹೆಜ್ಜೆ ನಿನಗೆ ಗೊತ್ತಿರಲಿ" ಅಂದರು.

ನಕ್ಕದ್ದು ಅಷ್ಟೇ. ಉಳಿದದ್ದು ಹೇಗಿತ್ತು ಅಂದರೆ, ಮಧ್ಯಾಹ್ನ ಊಟಕ್ಕೆ ಕೂತಾಗ, "ಇನ್ನೊಂದು ಮುದ್ದೆ ಹಾಕ್ಕೊಳಿ ಸಾ" ಅಂತ ಉಪಚಾರ ಮಾಡಿದವರೇ ಸಂಜೆ ಅವರ ತಂಡ ಸೋತರೆ ನೀರು ಕೊಡುತ್ತಿರಲಿಲ್ಲ. ಗೆದ್ದವರು ನಮ್ಮನ್ನು ಮರೆತುಬಿಡುತ್ತಿದ್ದರು, ಸೋತವರು ಮರೆಯುತ್ತಿರಲಿಲ್ಲ. ಎಲ್ಲಕ್ಕಿಂತ ಕಷ್ಟ ವಾಪಸ್ಸು ಬರುವ ಬಸ್ಸು. ನಾವೂ ಅದೇ ಬಸ್ಸು, ಸೋತವರೂ ಅದೇ ಬಸ್ಸು. ಮೈದಾನದಲ್ಲಿ ಅರ್ಧ ತಾಸು ಬೈಸಿಕೊಂಡರೆ ಬಸ್ಸಿನಲ್ಲಿ ಊರು ಬರುವವರೆಗೂ ಬೈಸಿಕೊಳ್ಳಬೇಕು. ಕಿಟಕಿ ಕಡೆ ಮುಖ ಮಾಡಿ ಕೂರುವುದು ಕಲಿತೆ. ಹೊಸಬರೇ, ನೀವೂ ಕಲಿಯುತ್ತೀರಿ.

ಈಗ ರಂಗಸ್ವಾಮಿಯ ಮಾತು. ಇಷ್ಟು ಹೊತ್ತು ಅದನ್ನೇ ಸುತ್ತು ಹಾಕುತ್ತಿದ್ದೆ ಅಂತ ನನಗೂ ಗೊತ್ತು.

ರಂಗಸ್ವಾಮಿ ಅರಕಲಗೂಡು ತಂಡದ ರೈಡರ್. ಎದುರಾಳಿ ಅಂಕಣಕ್ಕೆ ಉಸಿರು ಹಿಡಿದು ನುಗ್ಗಿ, ಮುಟ್ಟಿ ಬರುವವನು. ಉದ್ದ ಕೈ, ಸಣ್ಣ ಸೊಂಟ. ನನ್ನನ್ನು ಅಣ್ಣ ಅನ್ನುತ್ತಿದ್ದ. ಆಗ ತಾಲ್ಲೂಕುಗಳ ನಡುವೆ ಒಂದು ಲೀಗ್ ನಡೆಯುತ್ತಿತ್ತು. ಒಳ್ಳೆ ಆಟಗಾರರಿಗೆ ಸಂಭಾವನೆ ಕೊಟ್ಟು ಕರೆತರುತ್ತಿದ್ದರು. ಸುಗ್ಗಿ ಮುಗಿದ ಮೇಲೆ ಶುರುವಾಗಿ ಮಳೆಗೆ ಮುಂಚೆ ಮುಗಿಯುತ್ತಿತ್ತು. ಕೊನೆಗೆ ಮೇಲಿನ ನಾಲ್ಕು ತಂಡ ಸೆಮಿಫೈನಲ್ ಆಡಲು ಹಾಸನಕ್ಕೆ ಹೋಗಬೇಕು.

ಆ ವರ್ಷ ಹಾಸನದ ಸೆಮಿಫೈನಲ್ ನೋಡಲು ಒಂದು ಸರ್ಕಾರಿ ಇಲಾಖೆಯ ತಂಡದವರು ಬರುತ್ತಾರೆ, ಇಬ್ಬರು ಮೂವರನ್ನು ನೌಕರಿಗೆ ಆರಿಸಿಕೊಳ್ಳುತ್ತಾರೆ ಅಂತ ಸುದ್ದಿ. ರಂಗಸ್ವಾಮಿಗೆ ವಯಸ್ಸಿನ ಮಿತಿ ಮುಗಿಯುವ ಕೊನೇ ವರ್ಷ. ಅವನು ಹಾಸನದಲ್ಲಿ ಒಂದು ಆಟ ಆಡಿ ತೋರಿಸಬೇಕು, ಅಷ್ಟೇ. ಅವನನ್ನು ಕಣ್ಣಾರೆ ಕಂಡ ಯಾರೂ ಬಿಟ್ಟುಹೋಗುವ ಆಟ ಅಲ್ಲ ಅವನದು.

ಲೀಗಿನ ಕೊನೇ ದಿನ ಹೊಳೆನರಸೀಪುರದಲ್ಲಿ ಆ ಊರಿನ ತಂಡದ ಮೇಲೆ ಅರಕಲಗೂಡಿಗೆ ಪಂದ್ಯ. ಬೆಳಗ್ಗೆ ನಾನು ಬಸ್ಸು ಬದಲಾಯಿಸಲು ಇಳಿದ ಅರಕಲಗೂಡು ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಬರೀ ಅದೇ ಲೆಕ್ಕ.

"ನಾವ್ ಗೆದ್ರೆ ಯಾರ್ ತಂಟೇನೂ ಬ್ಯಾಡ. ಸೀದಾ ಆಸ್ನ."

"ಸೋತ್ರೆ?"

"ಸೋತ್ರೆ ಚನ್ರಾಯಪಟ್ಣದವ್ರು ಒಳಿಕ್ಕೋಯ್ತರೆ, ನಾವ್ ಮನೀಕ್."

"ಸಮ ಆದ್ರೆ?"

"ಸಮ ಆದ್ರೂ ಆಸ್ನಾನೇ ಕಣ್ಲಾ, ದಡ್ಡ ನನ್ಮಗನೆ. ಎಷ್ಟ್ ಸಲ ಯೋಳದು!"

ನಾನು ಟೀ ಕುಡಿದು ಬಸ್ಸು ಹತ್ತಿದೆ. ಅಂಪೈರ್ ಆದವನು ಆಟಗಾರನ ಪಕ್ಕ ಕೂರಬಾರದು ಅಂತ ಮೇಷ್ಟ್ರ ಕಟ್ಟಳೆ. ಆದರೆ ರಂಗಸ್ವಾಮಿಯೇ ಬಂದು ಪಕ್ಕದಲ್ಲಿ ಕೂತ. ಎದ್ದು ಹೋಗಲು ಬೇರೆ ಸೀಟಿರಲಿಲ್ಲ.

"ಅಣ್ಣ, ಆಟದ ಮಾತ್ ಆಡಕಿಲ್ಲ, ಎದ್ರುಕೋಬ್ಯಾಡ" ಅಂದ. ಆಡಲೂ ಇಲ್ಲ. ಹೊಲದ ಮಾತು, ಅವರವ್ವನ ಮಂಡಿನೋವಿನ ಮಾತು. ಇಳಿಯುವಾಗ ಮಾತ್ರ, "ಕೆಲ್ಸ ಸಿಕ್ದೇಟ್ಗೆ ಮೊದ್ಲು ಒಂದ್ ಜೊತೆ ಬೂಟ್ ತಗತೀನಿ ಕಣಣ್ಣ. ನಿನ್ ಶೂ ನೋಡಿ ನೋಡಿ ಆಸೆ ಆಗ್ಬುಟ್ಟದೆ" ಅಂದು ನಕ್ಕ.

ಆಟ ಕಡೇ ರೈಡಿಗೆ ಬಂತು. ಅರಕಲಗೂಡು ಒಂದು ಪಾಯಿಂಟ್ ಹಿಂದೆ. ರಂಗಸ್ವಾಮಿ ಒಬ್ಬರನ್ನು ಮುಟ್ಟಿ ಬಂದರೆ ಸಮ, ಸಮ ಆದರೆ ಸಾಕು. ರೆಫ್ರಿ ಶಾಮಣ್ಣ ಮೇಷ್ಟ್ರು. ಒಂದು ಪಕ್ಕಕ್ಕೆ ನಾನು ಅಂಪೈರ್, ಎದುರು ಪಕ್ಕಕ್ಕೆ ಬಾಗೂರಿನ ಜವರಪ್ಪ.

ಗೊತ್ತಿಲ್ಲದವರಿಗೆ ಒಂದು ನಿಯಮ ಹೇಳುತ್ತೇನೆ. ಅಂಕಣದ ಎರಡೂ ಪಕ್ಕದಲ್ಲಿ ಒಂದೊಂದು ಪಟ್ಟಿ ಇರುತ್ತದೆ, ಲಾಬಿ ಅನ್ನುತ್ತಾರೆ. ರೈಡರ್ ಯಾರನ್ನಾದರೂ ಮುಟ್ಟುವವರೆಗೆ ಆ ಪಟ್ಟಿಗೆ ಕಾಲಿಡುವ ಹಾಗಿಲ್ಲ, ಇಟ್ಟರೆ ಔಟು. ಮುಟ್ಟಿದ ಮೇಲೆ ಆ ಪಟ್ಟಿಯೂ ಅಂಕಣವೇ, ಇಡಬಹುದು. ಅಂದರೆ ಅದೇ ಜಾಗ, ಅದೇ ಹೆಜ್ಜೆ. ಮುಟ್ಟುವ ಮೊದಲು ಇಟ್ಟರೆ ತಪ್ಪು, ಆಮೇಲೆ ಇಟ್ಟರೆ ಸರಿ.

ರಂಗಸ್ವಾಮಿ ನನ್ನ ಕಡೆಯ ಮೂಲೆಗೆ ನುಗ್ಗಿದ. ಮೂಲೆಯವನು ದಪ್ಪ ಆಳು, ನನಗೆ ಬೆನ್ನು ಹಾಕಿ ನಿಂತಿದ್ದ. ರಂಗಸ್ವಾಮಿಯ ಕೈ ಆ ಬೆನ್ನಿನ ಆಚೆ. ನನಗೆ ಕಂಡದ್ದು ಕಾಲು. ಬಲಗಾಲು ಲಾಬಿಯೊಳಗೆ ಬಿತ್ತು, ಎದ್ದಿತು, ಅವನು ಹಾರಿ ಮಧ್ಯದ ಗೆರೆ ದಾಟಿದ. ಅರಕಲಗೂಡಿನವರು ಟವೆಲ್ಲು ಬೀಸಿ ಕುಣಿದರು. ನಾನು ಕೈ ಎತ್ತಿದೆ. ಲಾಬಿಗೆ ಕಾಲು ಬಿದ್ದಿದೆ ಅನ್ನುವುದು ಅದರ ಅರ್ಥ, ಅಷ್ಟೇ ಅರ್ಥ.

ಗಲಾಟೆ ಶುರುವಾಯಿತು.

"ಮಂಕ್ರಿ ಆಕ್ರಲಾ! ತುಳ್ದಾರು!" ಅಂತ ಹೊಳೆನರಸೀಪುರದವರು. ಯಾರೋ ತಂದು ಕವುಚಿದರು. ಜನ ಅಂಕಣದೊಳಗೇ ಬಂದುಬಿಟ್ಟರು. ಮೇಷ್ಟ್ರು ಸೀಟಿ ಊದಿ ಊದಿ ಸಾಕಾಗಿ ನನ್ನನ್ನೂ ಜವರಪ್ಪನನ್ನೂ ಕರೆದರು.

"ಕಾಲು ಬಿತ್ತೇನಯ್ಯ?" ಅಂತ ನನ್ನನ್ನು ಕೇಳಿದರು.

"ಬಿತ್ತು ಸಾ."

"ಮುಟ್ಟೋಕೆ ಮುಂಚೇನೋ, ಆಮೇಲೋ?"

"ಕೈ ಕಾಣ್ನಿಲ್ಲ ಸಾ. ಅಡ್ಡ ನಿಂತಿದ್ದ. ನಾನು ಕಾಲ್ ನೋಡ್ತಿದ್ದೆ."

ಜವರಪ್ಪ, "ಸಾ, ಕೈ ನಾನ್ ನೋಡಿವ್ನಿ, ಮುಟ್ಟಿದ್ದು ದಿಟ. ಕಾಲು ಆ ಕಡೀಕಿತ್ತು, ನಂಗ್ ಕಾಣ್ನಿಲ್ಲ" ಅಂದ.

ಇಬ್ಬರೂ ನಿಜ ಹೇಳಿದೆವು. ಎರಡು ನಿಜ ಸೇರಿಯೂ ಒಂದು ತೀರ್ಪು ಆಗಲಿಲ್ಲ.

ರಂಗಸ್ವಾಮಿ ಮೇಷ್ಟ್ರ ಮುಂದೆ ಬಂದು ಕೈಮುಗಿದ. "ಸಾ, ಮುಟ್ಟುದ್ಮೇಲೆ ಇಟ್ಟಿದ್ದು ಸಾ. ನಮ್ಮವ್ವನಾಣೆಗೂ ಸಾ." ಮೂಲೆಯವನನ್ನು ಕೇಳಿದರು. "ಸವರಿದ್ದು ದಿಟ ಸಾ. ಕಾಲ್ ಯಾವಾಗ ಬಿತ್ತೋ ನಂಗೇನ್ ಗೊತ್ತು, ಬೆನ್ನಲ್ಲಿ ಕಣ್ಣೈತಾ?" ಅಂದ. ಅಷ್ಟರಲ್ಲಿ ಜನ "ಮಂಕ್ರಿ ಎತ್ತಿ, ಮಂಕ್ರಿ ಎತ್ತಿ" ಅಂತ ಒಂದೇ ಸಮ ಕೂಗುತ್ತಿದ್ದರು. ಮೇಷ್ಟ್ರು ಹೋಗಿ ಕುಕ್ಕರಗಾಲಲ್ಲಿ ಕೂತು ಎತ್ತಿದರು.

ಅಂಥ ಹೆಜ್ಜೆಯನ್ನು ನಾನು ಇನ್ನೆಲ್ಲೂ ಕಂಡಿಲ್ಲ. ಬೆಳಗ್ಗೆ ಬಸ್ಸಿಳಿದ ಮೇಲೆ ನಾನೇ ಹದ ಮಾಡಿದ್ದ ಮಣ್ಣು. ಐದು ಬೆರಳು, ಹಿಮ್ಮಡಿ, ಎಲ್ಲ ಅಚ್ಚು ಒತ್ತಿದ ಹಾಗೆ ಲಾಬಿಯ ನಡುಮಧ್ಯೆ ಇತ್ತು. ಜನ "ಹೋ" ಅಂದರು. ಯಾವಾಗ ಇಟ್ಟ ಅನ್ನುವ ಪ್ರಶ್ನೆ ಆ ಕೂಗಿನಲ್ಲಿ ಮುಚ್ಚಿಹೋಯಿತು. ಇಷ್ಟು ವರ್ಷ ಮಣ್ಣು ಹೇಳಿದ್ದೇ ಕೊನೆ ಮಾತು ಅಂತ ನಾವೇ ಕಲಿಸಿದ್ದೆವಲ್ಲ. ಮೇಷ್ಟ್ರು ಎದ್ದು ನಿಂತು ಔಟ್ ಅಂದರು.

ಅರಕಲಗೂಡಿನವರೊಬ್ಬರು ಮೇಷ್ಟ್ರ ಮುಖಕ್ಕೇ, "ಏನ್ ಸ್ವಾಮಿ, ಉಟ್ಟಿದೂರಿನ್ ಋಣ ತೀರಿಸ್ಬುಟ್ರಾ?" ಅಂದರು. ಮೇಷ್ಟ್ರು ಮಂಕರಿಯನ್ನು ಕೈಯಲ್ಲಿ ಹಿಡಿದುಕೊಂಡೇ ಪೆಂಡಾಲಿನವರೆಗೂ ನಡೆದು ಹೋದರು, ಕೆಳಗಿಡುವುದು ಮರೆತವರ ಹಾಗೆ.

ನಾನು ಆ ಹೆಜ್ಜೆಯ ಹತ್ತಿರವೇ ನಿಂತಿದ್ದೆ. ಜನ ತುಳಿದು ಅದು ಅಳಿಸಿಹೋಗುವವರೆಗೂ ನಿಂತಿದ್ದೆ.

ವಾಪಸ್ಸು ಬಸ್ಸಿನಲ್ಲಿ ಅರಕಲಗೂಡಿನವರು ಬಿಡಲಿಲ್ಲ. "ಅಂಪೈರ್ ಸಾಯೇಬ್ರೆ, ಆ ಮಂಕ್ರಿ ಮನೀಗೇ ತಗೊಂಡೋಗ್ಬೇಕಾಗಿತ್ತು. ಕೋಳಿ ಮುಚ್ಚಾಕಾದ್ರೂ ಆಯ್ತಿತ್ತು." ಎಲ್ಲರೂ ನಕ್ಕರು. ರಂಗಸ್ವಾಮಿ ಹಿಂದಿನ ಸೀಟಿನಲ್ಲಿ ಇದ್ದ ಅಂತ ಆಮೇಲೆ ಗೊತ್ತಾಯಿತು. ನಾನು ಕಿಟಕಿ ಕಡೆ ಮುಖ ಮಾಡಿ ಕೂತಿದ್ದೆ.

ಹಾಸನಕ್ಕೆ ಇಲಾಖೆಯವರು ಬಂದರು, ಹೊಳೆನರಸೀಪುರದ ಒಬ್ಬನನ್ನೂ ಚನ್ನರಾಯಪಟ್ಟಣದ ಒಬ್ಬನನ್ನೂ ಆರಿಸಿಕೊಂಡು ಹೋದರು. ಇಬ್ಬರೂ ಒಳ್ಳೆ ಆಟಗಾರರೇ. ರಂಗಸ್ವಾಮಿಯಷ್ಟಲ್ಲ. ಅವನು ಮುಂದಿನ ವರ್ಷ ಆಡಲಿಲ್ಲ. ಟೆಂಪೋ ಓಡಿಸಲು ಹೋದ ಅಂತ ಕೇಳಿದೆ. ಒಂದು ಸಲ ಅರಕಲಗೂಡು ಸಂತೆಯಲ್ಲಿ ಆಲೂಗೆಡ್ಡೆ ಮೂಟೆ ಇಳಿಸುತ್ತಿದ್ದ. "ಏನಣ್ಣ, ಸಂದಾಗಿದ್ದೀಯಾ?" ಅಂದ. "ಇದೀನಪ್ಪ" ಅಂದೆ. ಅವನು ಮತ್ತೆ ಮೂಟೆಗೆ ಬೆನ್ನು ಕೊಟ್ಟ. ಅವನ ಕಾಲಲ್ಲಿ ಚಪ್ಪಲಿ ಇತ್ತು. ಬೂಟಿನ ಮಾತು ನೆನಪಾಗಿ ಸಂತೆ ಮಾಡದೆ ಮನೆಗೆ ಬಂದುಬಿಟ್ಟೆ.

ಮೇಷ್ಟ್ರು ಆಮೇಲೆ ಹೊಳೆನರಸೀಪುರದ ತಂಡ ಆಡುವ ಯಾವ ಪಂದ್ಯಕ್ಕೂ ರೆಫ್ರಿ ಆಗಲಿಲ್ಲ. ಋಣದ ಮಾತು ಅವರನ್ನು ತಿಂದುಹಾಕಿತು. ಕಾಯಿಲೆ ಬಿದ್ದಾಗ ನೋಡಲು ಹೋಗಿದ್ದೆ. ಮಧ್ಯಾಹ್ನದ ಹೊತ್ತು, ಜಗಲಿಯ ಮೇಲೆ ಒರಗಿ ಕೂತಿದ್ದರು. ಕಾಫಿ ಕೊಡಿಸಿದರು. ನಾನು ಲೋಟ ಕೆಳಗಿಟ್ಟ ಮೇಲೆ, "ಮಂಕರಿ ಎತ್ತಬಾರದಾಗಿತ್ತು ಕಣಯ್ಯ" ಅಂದರು.

"ಎತ್ದೆ ಇದ್ರೆ ಜನ ಬಿಡ್ತಿದ್ರಾ ಸಾ?"

"ಬಿಡ್ತಿರ್ಲಿಲ್ಲ. ಎತ್ತಿದ ಮೇಲೆ ನಾನೂ ತಪ್ಪಿಸಿಕೊಳ್ಳೋ ಹಾಗಿರ್ಲಿಲ್ಲ. ಎಲ್ಲಿ ಇಟ್ಟ ಅನ್ನೋದು ಅಷ್ಟು ಸ್ಪಷ್ಟವಾಗಿ ಕಂಡುಬಿಡ್ತಲ್ಲ, ಯಾವಾಗ ಇಟ್ಟ ಅನ್ನೋದನ್ನ ಯಾರು ಕೇಳ್ತಾರೆ? ಮಣ್ಣು ಅದನ್ನ ಹೇಳಲ್ಲ." ಆಮೇಲೆ, "ಮಸುಕಾಗಿದ್ದಿದ್ರೆ ಅನುಮಾನದ ಲಾಭ ಕೊಟ್ಟುಬಿಡ್ತಿದ್ದೆ. ನೀನು ಹದ ಮಾಡಿದ ಮಣ್ಣು ತುಂಬ ಚೆನ್ನಾಗಿತ್ತು" ಅಂದರು. ಹೊಗಳಿದರೋ ಏನೋ ನನಗೆ ತಿಳಿಯಲಿಲ್ಲ. ಅದೇ ಅವರ ಜೊತೆ ನನ್ನ ಕೊನೇ ಮಾತು.

ಆಮೇಲೆ ಮ್ಯಾಟು ಬಂತು. ಚೌಕ ಚೌಕದ ತುಂಡು, ಹಲ್ಲಿಗೆ ಹಲ್ಲು ಸೇರಿಸಿ ಹಾಸುವುದು. ಸುಣ್ಣ ಹೋಯಿತು, ಜರಡಿ ಹೋಯಿತು, ಮಂಕರಿ ಹೋಯಿತು. ಅದರ ಮೇಲೆ ಆನೆ ನಡೆದರೂ ಗುರುತು ಉಳಿಯುವುದಿಲ್ಲ. ನನಗೆ ನೆಲದ ಮೇಲೆ ನಿಂತ ಹಾಗೇ ಅನಿಸುತ್ತಿರಲಿಲ್ಲ. ಕಣ್ಣೂ ಮಂಜಾಗುತ್ತಾ ಬಂತು. ಒಂದು ದಿನ ಸೀಟಿಯನ್ನು ಗೂಟಕ್ಕೆ ನೇತುಹಾಕಿ, ಇನ್ನು ಸಾಕು ಅಂದೆ.

ಆ ಸೀಟಿ ಇಳಿಸಿ ಆಡಿಕೊಂಡು ಬೆಳೆದವಳೇ ಹರ್ಷಿತ. ಹಸು ಹಟ್ಟಿಯ ಗೆರೆ ದಾಟಿದರೂ ಔಟ್ ಕೊಡುತ್ತಿದ್ದಳು! ಈಗ ಟಿವಿಯಲ್ಲಿ ದುಡ್ಡಿನ ಲೀಗ್ ಬರುತ್ತದಲ್ಲ, ಅದರ ಕೊನೇ ವಾರಗಳಲ್ಲಿ ನಮ್ಮ ಮನೆಯಲ್ಲಿ ಅಡಿಗೆಯೇ ತಡ. "ತಾತ, ಇವ್ರು ಇವತ್ತು ಗೆದ್ರೆ ಪ್ಲೇಆಫ್ ಒಳಗೆ. ಸೋತ್ರೆ ನಾಳೆ ಅವ್ರು ಸೋಲ್ಬೇಕು, ಅದೂ ಜಾಸ್ತಿ ಪಾಯಿಂಟಲ್ಲಿ" ಅಂತ ಹೇಳುತ್ತಲೇ ಇರುತ್ತಾಳೆ. ನನಗೆ ಅರಕಲಗೂಡಿನ ಟೀ ಅಂಗಡಿಯೇ ಕಿವಿಗೆ ಬೀಳುತ್ತದೆ.

ಹಾಗೇ ಒಂದು ಸಂಜೆ, ಇಂಥದ್ದೇ ಕಡೇ ಪಂದ್ಯದಲ್ಲಿ ಲಾಬಿಯ ಜಗಳ ಬಂತು. ತಂಡದವರು ರಿವ್ಯೂ ಕೇಳಿದರು. ಪರದೆ ಮೇಲೆ ಆಟ ನಿಧಾನವಾಯಿತು, ಆಮೇಲೆ ನಿಂತೇಬಿಟ್ಟಿತು. ಒಂದೇ ಚಿತ್ರದಲ್ಲಿ ಕೈಯೂ ಇತ್ತು, ಕಾಲೂ ಇತ್ತು. ಕೈ ಮುಟ್ಟಿತ್ತು, ಕಾಲು ಇನ್ನೂ ಗಾಳಿಯಲ್ಲಿತ್ತು.

"ನೋಡು ತಾತ, ಟಚ್ ಮೊದ್ಲು. ಎಷ್ಟ್ ಕ್ಲಿಯರಾಗಿದೆ!"

ನಾನು ಎದ್ದು ಹಟ್ಟಿಗೆ ಹೋದೆ. ಅವಳು ಹಿಂದೆಯೇ ಬಂದಳು. ರಂಗಸ್ವಾಮಿಯ ವಿಚಾರ ಅವಳಿಗೆ ಮೊದಲ ಸಲ ಹೇಳಿದ್ದು ಅಲ್ಲೇ, ಹಸುವಿಗೆ ಹುಲ್ಲು ಹಾಕುತ್ತಾ. ಅವಳು ಮಾರನೇ ವಾರ ಪರೀಕ್ಷೆಗೆ ಅರ್ಜಿ ಹಾಕಿದಳು.

ಅವಳ ಮೊದಲನೇ ಪಂದ್ಯ ಚನ್ನರಾಯಪಟ್ಟಣದಲ್ಲಿ. ತಾಲ್ಲೂಕುಗಳ ಲೀಗಿನದೇ ಕೊನೇ ದಿನ, ಬಾಗೂರು ತಂಡಕ್ಕೂ ಹಾಸನದ ತಂಡಕ್ಕೂ ಆಟ. ಗೆದ್ದವರು ಮುಂದಕ್ಕೆ. ನಾನು ಇಸ್ತ್ರಿ ಅಂಗಿ ಹಾಕಿ, ಎಲ್ಲರಿಗಿಂತ ಮೊದಲು ಹೋಗಿ ಮುಂದಿನ ಕುರ್ಚಿ ಹಿಡಿದೆ. ಪಕ್ಕದವರಿಗೆ, ಅವರ ಪಕ್ಕದವರಿಗೆ, ನೀರು ಕೊಡಲು ಬಂದವರಿಗೆ, "ಆ ಅಂಪೈರು ನಮ್ಮ ಮೊಮ್ಮಗಳು" ಅಂತ ಹೇಳಿದೆ. ಹೇಳುತ್ತಲೇ ನೋಡಿದರೆ ಟೆಂಪೋದಿಂದ ಮ್ಯಾಟಿನ ತುಂಡು ಇಳಿಸಿ ಹಾಸುತ್ತಿದ್ದವನು ರಂಗಸ್ವಾಮಿ. ಈಗ ಅದೇ ಅವನ ಕಸುಬು. ಬಾಡಿಗೆಗೆ ಮ್ಯಾಟು ತಂದು ಹಾಸುವುದು, ಆಟ ಮುಗಿದ ಮೇಲೆ ಕಿತ್ತುಕೊಂಡು ಹೋಗುವುದು. ತಲೆ ನರೆತಿತ್ತು, ಕೈ ಮಾತ್ರ ಹಾಗೇ ಉದ್ದ.

"ಅಣ್ಣ, ಮೊಮ್ಮಗಳಂತೆ! ನಂಗೂ ಯೋಳುದ್ರು, ನಾಕ್ ಜನ" ಅಂದ. ನಾಚಿಕೆಯಾಯಿತು, ಆದರೂ ಸಂತೋಷ ತಡೆಯಲಿಲ್ಲ.

ಆಟಕ್ಕೆ ಮುಂಚೆ ಹರ್ಷಿತ ಎದುರು ಪಕ್ಕದ ಅಂಪೈರ್ ಹುಡುಗನ ಹತ್ತಿರ ಹೋಗಿ ಮಾತಾಡುತ್ತಿದ್ದಳು. ಇಲ್ಲಿ ಕ್ಯಾಮೆರಾ ಇಲ್ಲ, ರಿವ್ಯೂ ಇಲ್ಲ. "ಸರ್, ನನ್ ಕಡೆ ರೈಡ್ ಬಂದ್ರೆ ನೀವು ಕೈ ನೋಡಿ. ಟಚ್ ಆದ ತಕ್ಷಣ ಜೋರಾಗಿ 'ಟಚ್' ಅನ್ನಿ. ನಾನು ಕಾಲು ನೋಡ್ತಿರ್ತೀನಿ, ಕಿವಿ ನಿಮ್ಮ ಕಡೆ ಇರತ್ತೆ. ನಿಮ್ ಕಡೆ ಬಂದ್ರೆ ನಾನು ಕೂಗ್ತೀನಿ." ಇಷ್ಟು ಸಣ್ಣ ವಿಚಾರ, ನಮಗ್ಯಾರಿಗೂ ಹೊಳೆದಿರಲಿಲ್ಲ. ಜವರಪ್ಪ ಒಂದು ಸಲ ಕೂಗಿದ್ದಿದ್ದರೆ ಸಾಕಾಗಿತ್ತು.

ಆಟದ ಕೊನೆಯಲ್ಲಿ ಬಾಗೂರಿನ ಒಬ್ಬ ಅವಳ ಕಡೆಯ ಮೂಲೆಗೆ ನುಗ್ಗಿದ. ಕಾಲು ಲಾಬಿಗೆ ಬಿತ್ತು. ಆಮೇಲೆ "ಟಚ್" ಅಂತ ಕೂಗು ಬಂತು. ಅವಳ ಕೈ ಮೇಲೆದ್ದಿತು, ರೆಫ್ರಿ ಔಟ್ ಕೊಟ್ಟರು. "ಏ ಮೇಡಮ್ಮು, ಕನ್ನಡ್ಕ ಆಕ್ಕಳಿ!" ಅಂತ ಹಿಂದಿನಿಂದ ಯಾರೋ ಕೂಗಿದರು. ಅವಳು ತಿರುಗಿ ನೋಡಲಿಲ್ಲ. ಬಾಗೂರು ಸೋತಿತು. ಆ ಆಟಗಾರ ಮ್ಯಾಟಿನ ಮೇಲೆ ಕೂತವನು ಏಳಲಿಲ್ಲ.

ಜನ ಹೋದ ಮೇಲೆ ರಂಗಸ್ವಾಮಿ ಮ್ಯಾಟು ಬಿಚ್ಚುತ್ತಿದ್ದ. ಕೂಲಿಯವರು ಇನ್ನೂ ಬಂದಿರಲಿಲ್ಲ. ನಾನು ತುಂಡು ಎತ್ತಿ ಕೊಡುತ್ತಾ ನಿಂತೆ. ಅವನು ಟೆಂಪೋ ಮೇಲೆ ನಿಂತು ಜೋಡಿಸುತ್ತಿದ್ದ. ಇಷ್ಟು ವರ್ಷ ಕೇಳದೆ ಇದ್ದದ್ದು ಬಾಯಿಗೆ ಬಂದೇಬಿಟ್ಟಿತು.

"ರಂಗ, ಆವತ್ತು ಮುಟ್ಟಿದ್ದು ಮೊದ್ಲಾ?"

ಅವನು ಕೆಲಸ ನಿಲ್ಲಿಸಲಿಲ್ಲ. "ಆವತ್ತು ಗೊತ್ತಿತ್ತು ಕಣಣ್ಣ. ಆಣೆ ಮಡಗ್ದೆನಲ್ಲ, ಸುಳ್ಳಲ್ಲ ಅದು. ಆಮೇಕೆ ದಿನಾ ಅದ್ನೇ ಆಡ್ದೆ. ಟೆಂಪೋ ಓಡಿಸ್ತಾ ಆಡ್ದೆ, ಉಣ್ತಾ ಆಡ್ದೆ. ಒಂದಿನ ಕೈ ಮುಂದಾಗ್ತದೆ, ಒಂದಿನ ಕಾಲ್ ಮುಂದಾಗ್ತದೆ. ಈಗ ಎಲ್ಡೂ ಕಾಣ್ತದೆ. ನಂಗೇ ಗೊತ್ತಿಲ್ಲ." ಒಂದು ತುಂಡನ್ನು ಕೈಯಿಂದ ತಟ್ಟಿ, "ಅದ್ಕೇ ನಂಗೆ ಈ ಮ್ಯಾಟೇ ವಾಸಿ. ಏನೂ ಉಳಿಯಾಕಿಲ್ಲ" ಅಂದ.

ಅಷ್ಟರಲ್ಲಿ ಹರ್ಷಿತ ಬಂದಳು. ಮುಖ ಸಪ್ಪಗಿತ್ತು. ಅವಳೂ ಒಂದು ತುಂಡು ಎತ್ತಿದಳು.

ರಂಗಸ್ವಾಮಿ ಮೇಲಿಂದಲೇ ಕೇಳಿದ. "ಔಟ್ ಕೊಟ್ಯಲ್ಲವ್ವ, ಆ ಉಡ್ಗನ ಮಕ ನೋಡುದ್ಯಾ?"

"ನೋಡ್ದೆ ಮಾವ. ಅಳ್ತಿದ್ದ."

"ಮಕ ನೋಡ್ಬುಟ್ಟೂ ಔಟ್ ಕೊಟ್ಯಾ?"

"ಇಲ್ಲ. ಕೊಟ್ಟ ಮೇಲೆ ನೋಡ್ದೆ. ಹತ್ರ ಹೋಗಿ ನಿಂತ್ಕೊಂಡೆ. ಏನ್ ಹೇಳ್ಬೇಕು ಗೊತ್ತಾಗ್ಲಿಲ್ಲ, ಸುಮ್ನೆ ನಿಂತಿದ್ದೆ."

"ಅಷ್ಟ್ ಸಾಕು ಕಣವ್ವ" ಅಂದ ರಂಗಸ್ವಾಮಿ. "ನಿಮ್ಮ ತಾತ ಆಮೇಕೂ ನೋಡ್ನಿಲ್ಲ."

ನಿಜ. ನಾನು ಹೆಜ್ಜೆ ನೋಡುತ್ತಿದ್ದೆ.

ಕೈಯಲ್ಲಿದ್ದ ತುಂಡನ್ನು ಮೇಲಕ್ಕೆ ಕೊಟ್ಟೆ. ಅವನು ಬಗ್ಗಿ ಹಿಡಿದ. ಆಗ ತಲೆ ಎತ್ತಿ ಅವನ ಮುಖ ನೋಡಿದೆ. ತುಂಬ ವಯಸ್ಸಾಗಿತ್ತು.